ಸೀರಿಯಲ್‌ನ ಕುಡುಕ ಮೂರನೇ ದಿನ ಯಾಕೆ ನಡುಗುವುದಿಲ್ಲ?

ಸಂಜೆ ಏಳೂವರೆ ಆಯಿತೆಂದರೆ ಕೋಲಾರದ ನಮ್ಮ ದೊಡ್ಡಮ್ಮನ ಮನೆಯಲ್ಲಿ ಟಿವಿ ಮುಂದೆ ಮೊರ ಬಂದು ಕೂರುತ್ತದೆ. ಅವರೆಕಾಯಿ ಕಾಲದಲ್ಲಾದರೆ ಅದರಲ್ಲಿ ನೆನೆಹಾಕಿದ ಕಾಳು. ಒಂದೊಂದನ್ನೇ ಬೆರಳ ತುದಿಯಲ್ಲಿ ಹಿತುಕುತ್ತಾಳೆ, ಬೇಳೆ ಚಿಮ್ಮಿ ಪಾತ್ರೆಗೆ ಬೀಳುತ್ತದೆ, ಕಣ್ಣು ಮಾತ್ರ ಸೀರಿಯಲ್ ಬಿಟ್ಟು ಕದಲುವುದಿಲ್ಲ. ಕಳೆದ ಚಳಿಗಾಲದಲ್ಲಿ ನಾನು ಹೋಗಿದ್ದ ದಿನ ಕತೆಯಲ್ಲಿ ನಾಯಕನ ತಮ್ಮ ಹಾಳಾಗುತ್ತಿದ್ದ. ಬೆಂಗಳೂರಿನ ಯಾವುದೋ ಪಾರ್ಟಿ, ನೀಲಿ ಕೆಂಪು ಲೈಟು, ಖಳನಾಯಕಿ ಜ್ಯೂಸಿಗೆ ಬಿಳಿ ಪುಡಿ ಬೆರೆಸುತ್ತಾಳೆ, ಹುಡುಗ ಎರಡು ಗುಟುಕು ಕುಡಿಯುತ್ತಾನೆ, ಕ್ಯಾಮೆರಾ ಗಿರಗಿರ ತಿರುಗುತ್ತದೆ, ಸಿಡಿಲು ಹೊಡೆದಂಥ ಸದ್ದು. ಮಾರನೆಯ ದಿನ ಅವನು ಅಮ್ಮನ ಸರ ಕದಿಯುತ್ತಿದ್ದಾನೆ.

“ಒಂದ್ಸಲ ಒಳಗೋಯ್ತು ಅಂದ್ರೆ ಮುಗೀತಪ್ಪ, ಹುಡುಗ ಕೈ ಬಿಟ್ಟಂಗೇ” ಎಂದಳು ದೊಡ್ಡಮ್ಮ. ಅದೇ ಹೊತ್ತಿಗೆ ದೊಡ್ಡಪ್ಪ ಎದ್ದು ಚಪ್ಪಲಿ ಮೆಟ್ಟಿಕೊಂಡು, “ಹಂಗೇ ಒಂದು ರೌಂಡು ಹೋಗ್ಬರ್ತೀನಿ” ಎಂದರು. ಆ ರೌಂಡು ಎಂಆರ್‌ಪಿ ಅಂಗಡಿವರೆಗೆ ಹೋಗಿ, ಒಂದು ನೈಂಟಿ ಮುಗಿಸಿ, ಅರ್ಧ ಗಂಟೆಯಲ್ಲಿ ಸೋಂಪು ಜಗಿಯುತ್ತಾ ಮನೆಗೆ ಬರುತ್ತದೆ. ಮೂವತ್ತು ವರ್ಷದಿಂದ ಒಂದು ದಿನವೂ ತಪ್ಪಿಲ್ಲ. ಆದರೆ ಆ ಮನೆಯಲ್ಲಿ ‘ನಶೆ’ ಎಂದರೆ ಟಿವಿಯೊಳಗಿನ ಬಿಳಿ ಪುಡಿ ಮಾತ್ರ. ದೊಡ್ಡಪ್ಪನದು ‘ರೌಂಡು’.

ಈ ಲೇಖನ ಬರೆಯಲು ಅವತ್ತಿನ ಸಂಜೆಯೇ ಕಾರಣ. ನಮ್ಮ ಧಾರಾವಾಹಿಗಳು ಚಟವನ್ನು ತೋರಿಸುವುದೇ ಇಲ್ಲ ಎನ್ನುವಂತಿಲ್ಲ, ಬೇಕಾದಷ್ಟು ತೋರಿಸುತ್ತವೆ. ಆದರೆ ಬಿದ್ದ ದಿನ ತೋರಿಸುತ್ತವೆ, ಎದ್ದ ದಿನ ತೋರಿಸುತ್ತವೆ. ನಡುವಿನ ಹತ್ತು ಹದಿನೈದು ವರ್ಷ ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ. ಚಟ ಎಂಬ ಕಾಯಿಲೆ ಬದುಕುವುದು ಆ ನಡುವಿನಲ್ಲೇ. ಅದು ಯಾಕೆ ಪರದೆಗೆ ಬರುವುದಿಲ್ಲ, ಬಾರದೆ ಹೋದರೆ ನಮ್ಮ ಬೀದಿಯ ಮನೆಗಳಲ್ಲಿ ಏನಾಗುತ್ತದೆ ಎಂಬುದನ್ನು ಬಿಡಿಸಿ ನೋಡೋಣ.

ಮೊದಲು ಆ ಬಿಳಿ ಪುಡಿ. ಸೀರಿಯಲ್‌ನವರು ಅದಕ್ಕೆ ಹೆಸರಿಡುವುದಿಲ್ಲ, ‘ಡ್ರಗ್ಸ್’ ಅಷ್ಟೆ. ಅದನ್ನು ತಗೊಂಡವನು ಮೊದಲು ನಗುತ್ತಾನೆ, ಆಮೇಲೆ ಕೂಗಾಡುತ್ತಾನೆ, ಆಮೇಲೆ ಗೋಡೆಯ ಮೇಲೆ ಏನೇನೋ ಕಾಣುತ್ತದೆ, ಕೊನೆಗೆ ಧೊಪ್ಪನೆ ಬೀಳುತ್ತಾನೆ. ಇದು ನಾಲ್ಕು ಬೇರೆ ಬೇರೆ ಪದಾರ್ಥಗಳ ಪರಿಣಾಮವನ್ನು ಒಂದೇ ಲೋಟಕ್ಕೆ ಸುರಿದಂತೆ. ಹೆರಾಯಿನ್ ಮತ್ತು ಅದೇ ಜಾತಿಯ ನೋವಿನ ಮಾತ್ರೆಗಳು ಮನುಷ್ಯನನ್ನು ತೂಕಡಿಸುವಂತೆ ಮಾಡುತ್ತವೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ, ಉಸಿರು ನಿಧಾನವಾಗುತ್ತದೆ; ಸಾವು ಬಂದರೆ ಉಸಿರು ನಿಂತೇ ಬರುತ್ತದೆ. ಕೊಕೇನ್ ಇದಕ್ಕೆ ಪೂರ್ತಿ ಉಲ್ಟಾ: ಪಾಪೆ ಅಗಲ, ಎದೆಬಡಿತ ಜೋರು, ನಿದ್ದೆ ಇಲ್ಲ, ಮಾತು ನಿಲ್ಲದು. ಹುಡುಗರು ‘ಸೊಪ್ಪು’ ಎನ್ನುವ ಗಾಂಜಾದಲ್ಲಿ ಕಣ್ಣು ಕೆಂಪಾಗಿ ಹಸಿವು ಹೆಚ್ಚುತ್ತದೆ, ಹೊತ್ತು ಹೋಗುವುದೇ ತಿಳಿಯುವುದಿಲ್ಲ; ಕೆಲವರಿಗೆ, ಅದರಲ್ಲೂ ಚಿಕ್ಕ ವಯಸ್ಸಿನಲ್ಲಿ ಶುರು ಮಾಡಿದವರಿಗೆ, ಮನಸ್ಸು ಕೆಡುವ ಅಪಾಯ ನಿಜವಾಗಿಯೂ ಇದೆ. ಇಲ್ಲದ್ದೆಲ್ಲ ಕಾಣಿಸುವ ಎಲ್‌ಎಸ್‌ಡಿಯಂಥವು ಇನ್ನೊಂದು ಗುಂಪು. ಮನೆಯ ಹುಡುಗ ಸಂಜೆಹೊತ್ತು ಕೂತಲ್ಲೇ ತೂಕಡಿಸುತ್ತಿದ್ದರೆ ಸೀರಿಯಲ್ ನೋಡಿ ಕಲಿತ ತಾಯಿಗೆ ಅನುಮಾನವೇ ಬರುವುದಿಲ್ಲ. ಅವಳು ಕೂಗಾಟಕ್ಕಾಗಿ ಕಾಯುತ್ತಿರುತ್ತಾಳೆ.

ಇನ್ನು ‘ಒಂದ್ಸಲ ಒಳಗೋಯ್ತು ಅಂದ್ರೆ ಮುಗೀತು’ ಎಂಬ ಮಾತು. 1994ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಸಮೀಕ್ಷೆ, ಒಮ್ಮೆಯಾದರೂ ಬಳಸಿದವರಲ್ಲಿ ಎಷ್ಟು ಜನ ಮುಂದೆ ಅದಕ್ಕೆ ಅಂಟಿಕೊಂಡರು ಎಂದು ಲೆಕ್ಕ ಹಾಕಿತ್ತು. ಗಾಂಜಾದಲ್ಲಿ ನೂರಕ್ಕೆ ಸುಮಾರು 9, ಮದ್ಯದಲ್ಲಿ 15, ಕೊಕೇನಿನಲ್ಲಿ 17, ಹೆರಾಯಿನ್‌ನಲ್ಲಿ 23. ಎಲ್ಲಕ್ಕಿಂತ ಮೇಲೆ ನಿಂತದ್ದು ತಂಬಾಕು: ನೂರಕ್ಕೆ 32. ದೊಡ್ಡಮ್ಮನ ಎಲೆಅಡಿಕೆ ಚೀಲದಲ್ಲಿರುವ ಹೊಗೆಸೊಪ್ಪಿನ ಚೂರು! ಆ ಪಟ್ಟಿಯನ್ನು ಅವಳಿಗೆ ಓದಿ ಹೇಳಿದೆ. “ಇದು ಹಲ್ಲುನೋವಿಗೆ ಕಣಪ್ಪ” ಎಂದಳು.

ಹಾಗೆಂದು ಒಂದು ಸಲ ನೋಡಿದರೆ ಏನೂ ಆಗದು ಎಂದು ಯಾರೂ ತಿಳಿಯಬಾರದು. ಸೂಜಿಯಲ್ಲಿ ತಗೊಂಡ ಮೊದಲ ಡೋಸೇ ಉಸಿರು ನಿಲ್ಲಿಸಿದ ಉದಾಹರಣೆಗಳಿವೆ. ನಾನು ಹೇಳುವುದು ಬೇರೆ. ಹದಿನೇಳರ ಹುಡುಗನೊಬ್ಬ ಅಂತರಗಂಗೆ ಬೆಟ್ಟದ ಬಂಡೆ ಹಿಂದೆ ಗೆಳೆಯರ ಜೊತೆ ಸೊಪ್ಪು ಎಳೆಯುತ್ತಾನೆ ಎಂದಿಟ್ಟುಕೊಳ್ಳಿ. ಸಿಡಿಲು ಹೊಡೆಯುವುದಿಲ್ಲ, ಕ್ಯಾಮೆರಾ ತಿರುಗುವುದಿಲ್ಲ, ಮಾರನೆಯ ದಿನ ಕಾಲೇಜಿಗೂ ಹೋಗುತ್ತಾನೆ. ಅಲ್ಲಿಗೆ ಅವನ ಪಾಲಿಗೆ ಟಿವಿ ಹೇಳಿದ್ದು ಸುಳ್ಳಾಯಿತು, ಟಿವಿ ನಂಬಿದ ಅಮ್ಮನೂ ಸುಳ್ಳಾದಳು. ಮುಂದೆ ನೋವಿನ ಮಾತ್ರೆ ಬಗ್ಗೆ ಯಾರಾದರೂ ನಿಜವನ್ನೇ ಹೇಳಿದರೂ ಅವನು ಕೇಳುವುದಿಲ್ಲ. ಮಿದುಳು ಬಲೆಗೆ ಬೀಳುವುದು ಸದ್ದಿಲ್ಲದೆ: ಸುಖದ ಸುದ್ದಿ ಮುಟ್ಟಿಸುವ ಡೋಪಮಿನ್ ಎಂಬ ರಾಸಾಯನಿಕ ಮತ್ತೆ ಮತ್ತೆ ಉಕ್ಕಿ, ಅದೇ ಸುಖಕ್ಕೆ ದಿನದಿನಕ್ಕೂ ಹೆಚ್ಚು ಪದಾರ್ಥ ಬೇಕಾಗಿ, ಕೊನೆಗೆ ಸುಖವೆಲ್ಲ ಆರಿಹೋಗಿ ಬೇಕು ಎನ್ನುವ ಹಪಹಪಿಯಷ್ಟೇ ಉಳಿಯುತ್ತದೆ. ಇದಕ್ಕೆ ತಿಂಗಳುಗಳು ಬೇಕು, ವರ್ಷಗಳೂ ಬೇಕಾಗಬಹುದು. ಇಪ್ಪತ್ತೆರಡು ನಿಮಿಷದ ಸಂಚಿಕೆಯಲ್ಲಿ ಅದನ್ನು ತೋರಿಸುವುದು ಹೇಗೆ?

ಇಲ್ಲಿ ಸೀರಿಯಲ್ ಮಾಡುವವರ ಪಾಡನ್ನೂ ಹೇಳಬೇಕು. ವಾರಕ್ಕೆ ಐದೋ ಆರೋ ಸಂಚಿಕೆ. ಜಾಹೀರಾತು ಕಳೆದರೆ ಅರ್ಧ ಗಂಟೆಯಲ್ಲಿ ಉಳಿಯುವುದು ಇಪ್ಪತ್ತು ಚಿಲ್ಲರೆ ನಿಮಿಷ. ಗುರುವಾರ ಬಂತೆಂದರೆ ಬಾರ್ಕ್ ಸಂಸ್ಥೆಯ ಟಿಆರ್‌ಪಿ ಬರುತ್ತದೆ. ಅಂಕ ಇಳಿದರೆ ಆ ‘ಟ್ರ್ಯಾಕ್’ ಅನ್ನು ಮುಂದಿನ ವಾರವೇ ಮಡಚಿಡುತ್ತಾರೆ. ಪ್ರತಿ ಸಂಚಿಕೆಯ ಕೊನೆಗೆ ಒಂದು ಕೊಕ್ಕೆ ಇರಬೇಕು: ಯಾರೋ ಬಾಗಿಲು ತಳ್ಳಬೇಕು, ಯಾರದೋ ಕೆನ್ನೆಗೆ ಏಟು ಬೀಳಬೇಕು. ಚಟಕ್ಕೆ ಅಂಥ ಕೊಕ್ಕೆ ಇಲ್ಲ. ಅದರ ನಿಜವಾದ ನಾಟಕವೆಂದರೆ ಹಾಲಿನವನಿಗೆ ಎರಡು ತಿಂಗಳ ಬಾಕಿ, ಮಗಳ ಸ್ಕೂಲ್ ಫೀಸಿಗೆ ಸಂಘದಲ್ಲಿ ತಗೊಂಡ ಸಾಲ, ‘ಇವತ್ತು ಬೇಗ ಬರ್ತೀನಿ’ ಎಂಬ ಮಾತು, ಬೇಗ ಬಾರದ ರಾತ್ರಿ. ಇದೇ ಮುನ್ನೂರು ಸಲ. ಯಾವ ಸಂಭಾಷಣೆಕಾರನೂ ಇದನ್ನು ಮುನ್ನೂರು ಸಲ ಬರೆದು ಕೆಲಸ ಉಳಿಸಿಕೊಳ್ಳಲಾರ. ಆದ್ದರಿಂದ ಪುಡಿ ಬೆರೆಸುವ ಖಳನಾಯಕಿ ಬೇಕು. ಆಗ ಒಂದೇ ದೃಶ್ಯದಲ್ಲಿ ಕಾರಣವೂ ಸಿಗುತ್ತದೆ, ಅಪರಾಧಿಯೂ ಸಿಗುತ್ತಾಳೆ, ನಾಯಕನ ತಮ್ಮನ ಮೇಲೆ ತಪ್ಪೂ ಬರುವುದಿಲ್ಲ.

ಈಗ ಈ ಲೇಖನದ ತಲೆಬರಹದ ಮಾತಿಗೆ ಬರುತ್ತೇನೆ. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಜೀವಕ್ಕೆ ಸಂಬಂಧಪಟ್ಟದ್ದು ಇದೇ.

ದೊಡ್ಡಮ್ಮನ ಎದುರುಮನೆಯ ಅಣ್ಣ ಎಪಿಎಂಸಿ ಟೊಮೆಟೊ ಮಂಡಿಯಲ್ಲಿ ಹಮಾಲಿ. ಸೀಸನ್ನಿನಲ್ಲಿ ಹದಿನೈದು ಕೆಜಿಯ ಬಾಕ್ಸುಗಳನ್ನು ಬೆಳಗಿನ ಜಾವದಿಂದ ಮಧ್ಯಾಹ್ನದವರೆಗೆ ಲಾರಿಗೆ ಎತ್ತಿ ಹಾಕುವ ಕೆಲಸ. ಮೈನೋವಿಗೆಂದು ಶುರುವಾದದ್ದು ಬೆಳಗ್ಗೆಯೇ ಒಂದು ಕ್ವಾರ್ಟರ್ ಬೀಳದೆ ಕೈ ನಿಲ್ಲದ ಮಟ್ಟಕ್ಕೆ ಬಂದಿತ್ತು. ಮೂರು ವರ್ಷದ ಹಿಂದೆ ಕಾರ್ತಿಕದಲ್ಲಿ ಅಯ್ಯಪ್ಪ ಮಾಲೆ ಹಾಕಿದ. ನಮ್ಮ ಕಡೆ ಕುಡಿತ ಬಿಡಲು ಗಂಡಸರಿಗೆ ಇರುವ ಮರ್ಯಾದೆಯ ದಾರಿ ಅದು. 41 ದಿನ ಊರೆಲ್ಲ ‘ಸ್ವಾಮಿ’ ಎಂದು ಕರೆಯುತ್ತದೆ, ಕುಡಿಯಲು ಕರೆಯುವವರೂ ಸುಮ್ಮನಾಗುತ್ತಾರೆ. ಮೊದಲ ದಿನ ಕೈ ನಡುಗಿತು. ಎರಡನೇ ರಾತ್ರಿ ಒಂದು ಸಲ ಫಿಟ್ಸ್ ಬಂದು ಹೋಯಿತು, ಉಪವಾಸಕ್ಕೆ ಹೀಗಾಯಿತು ಎಂದುಕೊಂಡರು. ಮೂರನೇ ದಿನ ಬೆವರು ಸುರಿಯುತ್ತಾ, ಗೋಡೆ ಮೇಲಿಂದ ಇಲ್ಲದ ಇರುವೆಗಳನ್ನು ಕೊಡವುತ್ತಾ, ಹೆಂಡತಿಯನ್ನೇ “ಯಾರಮ್ಮ ನೀನು?” ಎಂದು ಕೇಳಿದ. ಮಾಲೆಯಲ್ಲಿ ಮಡಿ ಕೆಟ್ಟಿತೇನೋ, ಗಾಳಿ ಸೋಕಿದೆಯೇನೋ ಎಂದು ಹಿರಿಯರು ನಿಂಬೆಹಣ್ಣು ಇಳಿ ತೆಗೆದರು. ತಾಯತ ಕಟ್ಟಿಸಲು ಆಟೋ ಹತ್ತಿಸಿದ್ದೂ ಆಯಿತು. ಆಟೋ ಓಡಿಸುತ್ತಿದ್ದ ಹುಡುಗ ತನ್ನ ತಂದೆಯನ್ನು ಇದೇ ಸ್ಥಿತಿಯಲ್ಲಿ ನೋಡಿದ್ದವನು. ಕೇಳದೆ ಗಾಡಿಯನ್ನು ಆಸ್ಪತ್ರೆಗೆ ತಿರುಗಿಸಿದ. ಅಣ್ಣ ಉಳಿದ.

ಆದದ್ದೇನು? ಮದ್ಯ ಮಿದುಳಿಗೆ ಬ್ರೇಕ್ ಇದ್ದಂತೆ, ಎಲ್ಲವನ್ನೂ ತಗ್ಗಿಸುತ್ತದೆ. ವರ್ಷಗಟ್ಟಲೆ ಯಾರೋ ಬ್ರೇಕ್ ಒತ್ತಿಕೊಂಡೇ ಕೂತರೆ ಗಾಡಿ ನಿಲ್ಲದಿರಲಿ ಎಂದು ಮಿದುಳು ಆಕ್ಸಿಲರೇಟರನ್ನು ತಳಕ್ಕೆ ತುಳಿಯುವುದನ್ನು ಕಲಿಯುತ್ತದೆ. ಒಂದು ದಿನ ಬ್ರೇಕಿನ ಕಾಲನ್ನು ತಟ್ಟನೆ ತೆಗೆದರೆ, ಲೋಡಾದ ಟೆಂಪೊ ಇಳಿಜಾರಿನಲ್ಲಿ ಹೇಗೆ ನುಗ್ಗುತ್ತದೋ ಹಾಗೆ ನರಮಂಡಲ ನುಗ್ಗುತ್ತದೆ. ಕೊನೆಯ ಗುಟುಕಾದ ಆರೆಂಟು ಗಂಟೆಗೆ ನಡುಕ ಮತ್ತು ಬೆವರು; ಎರಡು ದಿನದೊಳಗೆ ಫಿಟ್ಸ್ ಬರಬಹುದು; ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಭ್ರಮೆ, ಜ್ವರ, ದಿಕ್ಕು ತಪ್ಪಿದ ಮಾತು. ಡಾಕ್ಟರುಗಳು ಇದನ್ನು ಡೆಲಿರಿಯಂ ಟ್ರೆಮೆನ್ಸ್ ಎನ್ನುತ್ತಾರೆ. ಕುಡಿತ ಬಿಟ್ಟ ಎಲ್ಲರಿಗೂ ಇದು ಬರುವುದಿಲ್ಲ. ಬಂದವರಿಗೆ ಚಿಕಿತ್ಸೆ ಸಿಗದಿದ್ದರೆ ಪ್ರಾಣವೇ ಹೋಗಬಹುದು. ಆಸ್ಪತ್ರೆಯಲ್ಲಿ ಮಾಡುವುದು ಬ್ರೇಕನ್ನು ಮೆಲ್ಲಗೆ ಬಿಡುವ ಕೆಲಸ: ನರವನ್ನು ಶಾಂತವಾಗಿಡುವ ಮಾತ್ರೆಯನ್ನು ಮೊದಲು ಹೆಚ್ಚಾಗಿ, ಆಮೇಲೆ ದಿನದಿನಕ್ಕೂ ಕಡಿಮೆ ಮಾಡುತ್ತಾ ಕೊಡುತ್ತಾರೆ, ಜೊತೆಗೆ ಬಿ1 ವಿಟಮಿನ್, ಅಂದರೆ ಥಯಾಮಿನ್. ಕುಡುಕರ ದೇಹದಲ್ಲಿ ಅದು ಬರಿದಾಗಿರುತ್ತದೆ, ತುಂಬದಿದ್ದರೆ ನೆನಪಿನ ಶಕ್ತಿಗೇ ಕುತ್ತು.

ಸೀರಿಯಲ್‌ನಲ್ಲಿ ಇದೇ ಜಾಗದಲ್ಲಿ ಏನಿರುತ್ತದೆ? ನಾಯಕಿ ಗಂಡನನ್ನು ಕೋಣೆಗೆ ತಳ್ಳಿ ಚಿಲಕ ಹಾಕುತ್ತಾಳೆ. ಅವನು ಬಾಗಿಲು ಬಡಿಯುತ್ತಾನೆ, ಇವಳು ಹೊರಗೆ ದೇವರ ಮುಂದೆ ದೀಪ ಹಿಡಿದು ಕೂರುತ್ತಾಳೆ, ಹಿನ್ನೆಲೆಯಲ್ಲಿ ವೀಣೆ. ಮೂರನೇ ಬೆಳಗ್ಗೆ ಬಾಗಿಲು ತೆರೆದರೆ ಗಡ್ಡ ಬೋಳಿಸಿದ, ಬಿಳಿ ಅಂಗಿಯ ಹೊಸ ಮನುಷ್ಯ. ನಡುಕವಿಲ್ಲ, ಫಿಟ್ಸಿಲ್ಲ, ಇರುವೆಯಿಲ್ಲ. (ಗಡ್ಡ ಯಾರು ಬೋಳಿಸಿದರು ಎಂದು ನಾನೊಮ್ಮೆ ಕೇಳಿ ಬೈಸಿಕೊಂಡಿದ್ದೇನೆ.) ಬಿಳಿ ಪುಡಿಯ ಅಬ್ಬರ ಬರೀ ಹಾಸ್ಯಾಸ್ಪದ. ಈ ದೃಶ್ಯ ಹಾಗಲ್ಲ, ಇದನ್ನು ನೋಡಿ ಒಬ್ಬಳು ತಾಯಿ ನಿಜವಾಗಿಯೂ ಚಿಲಕ ಹಾಕಬಹುದು. ಹೆರಾಯಿನ್ ಥರದ ಪದಾರ್ಥಗಳಲ್ಲಿ ಬಿಡುವಾಗಿನ ಯಾತನೆ ಘೋರವಾದರೂ ಪ್ರಾಣಕ್ಕೆ ಬರುವುದು ಅಪರೂಪ. ಅಲ್ಲಿನ ಅಪಾಯ ಬಿಟ್ಟ ಮೇಲೆ. ತಿಂಗಳು ಬಿಟ್ಟಿದ್ದ ದೇಹ ಹಳೆಯ ಪ್ರಮಾಣವನ್ನು ತಡೆಯುವ ಶಕ್ತಿ ಕಳೆದುಕೊಂಡಿರುತ್ತದೆ. ಜಾರಿದ ದಿನ ಹಳೇ ಲೆಕ್ಕದಲ್ಲೇ ತಗೊಂಡರೆ ಉಸಿರು ನಿಲ್ಲುತ್ತದೆ. ಟಿವಿಯಲ್ಲಿ ‘ಶುಭಂ’ ಬಂದ ಮೇಲಿನ ವಾರಗಳು ನಿಜದಲ್ಲಿ ಅತಿ ಅಪಾಯದ ವಾರಗಳು.

ಚಿಲಕದ ತಮ್ಮನೆಂದರೆ ಹಾಲಿಗೆ ಬೆರೆಸುವ ಔಷಧಿ. ಬಸ್ ಸ್ಟ್ಯಾಂಡಿನ ಕಾಂಪೌಂಡಿನಲ್ಲಿ, ಮೂತ್ರಾಲಯದ ಗೋಡೆಯಲ್ಲಿ ಚೀಟಿ ಅಂಟಿಸಿರುವುದನ್ನು ಎಲ್ಲರೂ ನೋಡಿದ್ದೇವೆ: ‘ಕುಡಿಯುವವರಿಗೆ ತಿಳಿಯದಂತೆ ಕುಡಿತ ಬಿಡಿಸಲಾಗುವುದು’. ಸೀರಿಯಲ್‌ಗಳೂ ಇದನ್ನು ಪತಿಭಕ್ತಿಯ ಸಾಲಿಗೆ ಸೇರಿಸಿವೆ. ಕುಡಿತ ಬಿಡಿಸಲು ಡೈಸಲ್ಫಿರಾಮ್ ಎಂಬ ಮಾತ್ರೆ ಇರುವುದು ನಿಜ. 1940ರ ದಶಕದಲ್ಲಿ ಡೆನ್ಮಾರ್ಕಿನಲ್ಲಿ ಅದರ ಗುಣ ಬೆಳಕಿಗೆ ಬಂತು. ಮದ್ಯ ದೇಹದಲ್ಲಿ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಾಗಿ, ಆಮೇಲೆ ನಿರಪಾಯದ ವಸ್ತುವಾಗಿ ಕರಗುತ್ತದೆ. ಈ ಮಾತ್ರೆ ಎರಡನೇ ಹೆಜ್ಜೆಯನ್ನು ತಡೆಯುತ್ತದೆ. ಮಾತ್ರೆ ತಗೊಂಡವನು ಕುಡಿದರೆ ವಿಷ ಮೈಯಲ್ಲೇ ನಿಂತು ಮುಖ ಕೆಂಪಾಗಿ, ಎದೆ ಬಡಿದು, ವಾಂತಿಯಾಗಿ, ಬಿಪಿ ಕುಸಿಯುತ್ತದೆ. ‘ಕುಡಿದರೆ ಹೀಗಾಗುತ್ತದೆ’ ಎಂದು ತಿಳಿದಿರುವುದೇ ಆ ಮಾತ್ರೆಯ ಕೆಲಸ. ಆ ಭಯಕ್ಕೆ ಅವನು ಬಾಟಲಿ ಮುಟ್ಟುವುದಿಲ್ಲ. ಸಾರಿನಲ್ಲಿ ಗುಟ್ಟಾಗಿ ಬೆರೆಸಿದರೆ ಅವನಿಗೆ ಭಯವೆಲ್ಲಿಂದ ಬರಬೇಕು? ಎಂದಿನಂತೆ ಕುಡಿಯುತ್ತಾನೆ. ಹೃದಯದ ತೊಂದರೆ ಇದ್ದವನಾದರೆ ಅಲ್ಲೇ ಕಥೆ ಮುಗಿಯಬಹುದು. ಮೊದಲು ಪರೀಕ್ಷೆ ಮಾಡಿ, ಒಪ್ಪಿಗೆ ಪಡೆದು, ಮನೆಯವರ ಎದುರಿಗೆ ಡಾಕ್ಟರು ಕೊಡುವ ಮಾತ್ರೆ ಅದು.

ಸೀರಿಯಲ್‌ನಲ್ಲೇ ನಿಧಾನದ ಬದಲಾವಣೆಯನ್ನು ತೋರಿಸಬಹುದೆಂದು ಹಿಂದೆ ಯಾರೂ ಯೋಚಿಸಿರಲಿಲ್ಲವೇ ಎಂದರೆ, ಯೋಚಿಸಿದ್ದರು. ಮೆಕ್ಸಿಕೊದ ಮಿಗೆಲ್ ಸಬಿದೊ 1970ರ ದಶಕದಲ್ಲಿ ಧಾರಾವಾಹಿಗಳಿಗೆ ಒಂದು ಸೂತ್ರ ಕಟ್ಟಿದ: ಒಳ್ಳೆಯವನೊಬ್ಬ, ಕೆಟ್ಟವನೊಬ್ಬ, ಇಬ್ಬರ ನಡುವೆ ತಡವರಿಸುತ್ತಾ ನಿಧಾನಕ್ಕೆ ಬದಲಾಗುವ ಮೂರನೆಯವನು. ನೋಡುವವರು ಕಲಿಯುವುದು ಆ ಮೂರನೆಯವನಿಂದ ಎಂಬುದು ಅವನ ಲೆಕ್ಕ. ಅದೇ ಸೂತ್ರದಿಂದ ದೂರದರ್ಶನದ ‘ಹಮ್ ಲೋಗ್’ 1984ರ ಜುಲೈ 7ರಂದು ಶುರುವಾಯಿತು. ಬರೆದವರು ಮನೋಹರ ಶ್ಯಾಮ ಜೋಶಿ. ಸಂಚಿಕೆಯ ಕೊನೆಗೆ ನಟ ಅಶೋಕ್ ಕುಮಾರ್ ಬಂದು ನೋಡುಗರ ಜೊತೆ ಮಾತಾಡುತ್ತಿದ್ದರು. ಅದರಲ್ಲಿ ಬಸೇಸರ್ ರಾಮ್ ಎಂಬ ಕುಡುಕ ತಂದೆ. ಖಳನಾಯಕಿ ಯಾರೂ ಅವನ ಲೋಟಕ್ಕೆ ಏನೂ ಬೆರೆಸಿರಲಿಲ್ಲ. ಕೆಲಸದ ಸೋಲು, ಮನೆಯ ಬಡತನ, ಮುರಿಯುವ ಆಣೆ, ಅಷ್ಟೆ. ಲಕ್ಷಗಟ್ಟಲೆ ಪತ್ರಗಳು ಬಂದವು. ಆ ಧಾರಾವಾಹಿಯನ್ನು ಅಧ್ಯಯನ ಮಾಡಿದವರಿಗೆ ಒಂದು ವಿಚಿತ್ರವೂ ಕಂಡಿತು: ಎಲ್ಲವನ್ನೂ ಸಹಿಸುವ ತಾಯಿ ಭಾಗವಂತಿಯ ಪಾತ್ರವನ್ನು ‘ಹೀಗಿರಬೇಡಿ’ ಎಂದು ತೋರಿಸಲು ಬರೆದಿದ್ದರೆ, ಎಷ್ಟೋ ಜನ ‘ಇರಬೇಕಾದ್ದೇ ಹೀಗೆ’ ಎಂದು ಮೆಚ್ಚಿಕೊಂಡಿದ್ದರು. ಬರೆಯುವವನ ಉದ್ದೇಶ ಒಂದು ದಾರಿ, ನೋಡುವವಳ ಬದುಕು ಇನ್ನೊಂದು ದಾರಿ. ಕುಡುಕ ಗಂಡನನ್ನು ಪ್ರೀತಿಯಿಂದ ತಿದ್ದುವ ನಮ್ಮ ಈಗಿನ ನಾಯಕಿಯರು ಆ ಭಾಗವಂತಿಯ ಮೊಮ್ಮಕ್ಕಳು. ಅವನು ತಿದ್ದಿಕೊಳ್ಳದಿದ್ದರೆ ಅವಳ ಪ್ರೀತಿಯಲ್ಲೇ ಕಡಿಮೆ ಎಂದಾಗುತ್ತದೆ. ಎದುರುಮನೆ ಅತ್ತಿಗೆಗೆ ಅವಳ ಅತ್ತೆಯೇ ಈ ಮಾತು ಹೇಳಿದ್ದನ್ನು ನಾನು ಕೇಳಿದ್ದೇನೆ.

ಹೆಂಗಸು ಕುಡಿದರೆ? ಅವಳು ಖಳನಾಯಕಿ, ಅಲ್ಲಿಗೆ ಮಾತು ಮುಗಿಯಿತು. ಚಟಕ್ಕೆ ಬಿದ್ದ ಹೆಂಗಸಿಗೂ ಚಿಕಿತ್ಸೆ ಬೇಕು ಎಂಬ ಕತೆಯನ್ನು ನಾನಂತೂ ನೋಡಿಲ್ಲ.

ಕಾಲೇಜು ಹುಡುಗರು ಈಗ ಏಳೂವರೆಯ ಸೀರಿಯಲ್ ನೋಡುವುದಿಲ್ಲ, ಮೊಬೈಲಿನಲ್ಲಿ ಹೊರಗಿನ ಸರಣಿಗಳನ್ನು ನೋಡುತ್ತಾರೆ. ಅಲ್ಲೂ ಎರಡು ಬಗೆ ಇದೆ. ‘ಬ್ರೇಕಿಂಗ್ ಬ್ಯಾಡ್’ (2008–2013) ಕೆಮಿಸ್ಟ್ರಿ ಮೇಷ್ಟ್ರೊಬ್ಬ ಮೆಥ್ ಎಂಬ ಮಾದಕವಸ್ತು ತಯಾರಿಸುವ ಕತೆ. ಅದ್ಭುತವಾದ ಬರವಣಿಗೆ, ಆದರೆ ಹುಡುಗರ ನಾಲಿಗೆಯಲ್ಲಿ ಉಳಿಯುವುದು ಮೇಷ್ಟ್ರ ಬುದ್ಧಿವಂತಿಕೆ ಮತ್ತು ದುಡ್ಡಿನ ರಾಶಿ. ಸೇದಿದವರು ಬಹುತೇಕ ಹಿನ್ನೆಲೆಯಲ್ಲಿ ಬಂದು ಹೋಗುತ್ತಾರೆ. ಬಾಲ್ಟಿಮೋರ್ ನಗರದ ‘ದ ವೈರ್’ (2002–2008) ನಾನು ಕಂಡಂತೆ ಇದನ್ನು ಸರಿಯಾಗಿ ಹಿಡಿದ ಸರಣಿ. ಅದರಲ್ಲಿ ಬಬಲ್ಸ್ ಎಂಬ ಹೆರಾಯಿನ್ ವ್ಯಸನಿ ಐದೂ ಸೀಸನ್ ಉದ್ದಕ್ಕೂ ಬಿಡುತ್ತಾನೆ, ಜಾರುತ್ತಾನೆ, ಮತ್ತೆ ಬಿಡುತ್ತಾನೆ. ಅಕ್ಕನ ಮನೆಯ ನೆಲಮಾಳಿಗೆಯಲ್ಲಿ ಅವನಿಗೆ ಜಾಗ. ಮೇಲಿನ ಬಾಗಿಲಿಗೆ ಬೀಗ. ಕೊನೆಯ ಸಂಚಿಕೆಯಲ್ಲಿ ಆ ಬಾಗಿಲು ತೆರೆದಿರುತ್ತದೆ, ಅವನು ಮೆಟ್ಟಿಲು ಹತ್ತಿ ಬಂದು ಮನೆಯವರ ಜೊತೆ ಊಟಕ್ಕೆ ಕೂರುತ್ತಾನೆ. ಅಷ್ಟೇ ದೃಶ್ಯ. ಸಿಡಿಲೂ ಇಲ್ಲ, ವೀಣೆಯೂ ಇಲ್ಲ. ಆ ಊಟದ ಹಿಂದೆ ಐದು ಸೀಸನ್ ಇದೆ ಎಂಬುದೇ ಅದರ ತೂಕ. ದಿನದ ಸೀರಿಯಲ್‌ಗಳ ಕೈಲಿ ಸಾವಿರ ಸಂಚಿಕೆ ಇರುತ್ತದೆ, ಇಂಥದ್ದಕ್ಕೆ ಬೇಕಾದ ಕಾಲ ಅವರ ಹತ್ತಿರವೇ ಹೆಚ್ಚು ಇದೆ ಎನ್ನುವುದು ನನ್ನ ಹೊಟ್ಟೆಯುರಿ.

ಕಾನೂನು ಏನು ಮಾಡುತ್ತದೆ ಎಂದು ಕೇಳಬಹುದು. ತೆರೆಯ ಕೆಳಗೆ ‘ತಂಬಾಕು ಸೇವನೆ ಆರೋಗ್ಯಕ್ಕೆ ಹಾನಿಕರ’ ಎಂದು ಬರುವುದು 2003ರ ತಂಬಾಕು ಕಾಯ್ದೆಯಡಿ 2012ರ ಅಕ್ಟೋಬರ್ 2ರಿಂದ ಜಾರಿಯಾದ ನಿಯಮದಿಂದ. 2023ರ ಸೆಪ್ಟೆಂಬರ್ 1ರಿಂದ ಒಟಿಟಿಗಳಿಗೂ ಅದು ಬಂತು. ಕಾರಣವಿಲ್ಲದೆ ಬಂದದ್ದಲ್ಲ. 2003ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು 10ರಿಂದ 14 ವರ್ಷದ, ಅಲ್ಲಿಯವರೆಗೆ ಸಿಗರೇಟು ಮುಟ್ಟದ ಮಕ್ಕಳನ್ನು ಗಮನಿಸಿತ್ತು. ಸಿನಿಮಾಗಳಲ್ಲಿ ಸೇದುವುದನ್ನು ಅತಿ ಹೆಚ್ಚು ನೋಡಿದ ಮಕ್ಕಳು, ಅತಿ ಕಡಿಮೆ ನೋಡಿದವರಿಗಿಂತ ಸುಮಾರು 2.7 ಪಟ್ಟು ಹೆಚ್ಚಾಗಿ ಸೇದಲು ಶುರು ಮಾಡಿದ್ದರು. ಅಪ್ಪ ಅಮ್ಮ ಸೇದದ ಮನೆಯ ಮಕ್ಕಳ ಮೇಲೆಯೇ ಇದರ ಪ್ರಭಾವ ಹೆಚ್ಚು. ತೋರಿಸುವುದಕ್ಕೆ ಶಕ್ತಿ ಇದೆ ಎಂದಾಯಿತು. ಆದರೆ ಎಚ್ಚರಿಕೆಯ ಅಕ್ಷರಗಳು ವಸ್ತುವನ್ನು ಕಾಯುತ್ತವೆಯೇ ಹೊರತು ಕತೆಯನ್ನಲ್ಲ. ಬಾಟಲಿಯನ್ನು ಮಸುಕು ಮಾಡುತ್ತಾರೆ, ಚಿಲಕ ಹಾಕುವ ದೃಶ್ಯ ಸ್ವಚ್ಛವಾಗಿ ಕಾಣುತ್ತದೆ. ಅದರ ಮಧ್ಯೆ ಮದ್ಯದ ಬ್ರಾಂಡಿನದೇ ಹೆಸರಿನ ಸೋಡಾ ಜಾಹೀರಾತು ಬೇರೆ.

ಪೊಲೀಸ್ ದೃಶ್ಯಗಳೂ ಹಾಗೆಯೇ. ಜೇಬಿನಲ್ಲಿ ಚಿಕ್ಕ ಪೊಟ್ಟಣ ಸಿಕ್ಕ ಹುಡುಗನಿಗೆ ‘ಇನ್ನು ಹತ್ತು ವರ್ಷ ಜೈಲು’ ಎಂದು ಇನ್‌ಸ್ಪೆಕ್ಟರ್ ಗುಡುಗುತ್ತಾನೆ. ಮಾದಕವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆ ಪ್ರಮಾಣ ನೋಡಿ ಶಿಕ್ಷೆ ಹೇಳುತ್ತದೆ. ಗಾಂಜಾ ಒಂದು ಕೆಜಿವರೆಗೆ ಸಣ್ಣ ಪ್ರಮಾಣ, ಶಿಕ್ಷೆ ಒಂದು ವರ್ಷದವರೆಗೆ ಅಥವಾ ದಂಡ ಅಥವಾ ಎರಡೂ. 20 ಕೆಜಿ ದಾಟಿದರೆ ವಾಣಿಜ್ಯ ಪ್ರಮಾಣ, ಹತ್ತರಿಂದ ಇಪ್ಪತ್ತು ವರ್ಷ. ಸೀರಿಯಲ್‌ನಲ್ಲಿ ನಾನೊಮ್ಮೆಯೂ ಕೇಳದ ಮಾತು 64ಎ ವಿಧಿ: ಸೇವನೆ ಅಥವಾ ಸಣ್ಣ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಮುಂದೆ ಬಂದು, ಸರ್ಕಾರದ ಅಥವಾ ಸರ್ಕಾರ ಒಪ್ಪಿದ ಕೇಂದ್ರದಲ್ಲಿ ಚಿಕಿತ್ಸೆ ಪೂರ್ತಿ ಮಾಡಿಕೊಂಡರೆ ಮೊಕದ್ದಮೆಯಿಂದ ರಕ್ಷಣೆಗೆ ಅವಕಾಶವಿದೆ. ಪೊಲೀಸರ ಹೆದರಿಕೆಗೇ ಮಗನನ್ನು ಆಸ್ಪತ್ರೆಗೆ ಕರೆದೊಯ್ಯದ ತಂದೆತಾಯಿಗೆ ಈ ಒಂದು ಸಾಲು ಎಷ್ಟು ಮುಖ್ಯ! ಹಾಗೆಯೇ ಸರಪಳಿ ಹಾಕಿ ಕೂರಿಸುವ ‘ಬಿಡಿಸುವ ಕೇಂದ್ರ’ವನ್ನು ಕಠಿಣ ಪ್ರೀತಿ ಎಂಬಂತೆ ತೋರಿಸುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳಿಂದಾಗುವ ಮನೋಸ್ಥಿತಿಗಳನ್ನೂ ಒಳಗೊಳ್ಳುತ್ತದೆ. ಅದರಡಿ ಯಾವ ರೀತಿಯಲ್ಲೂ ಸರಪಳಿ ಹಾಕುವಂತಿಲ್ಲ.

ಎಲ್ಲದರ ಗಾತ್ರ ಎಷ್ಟು? ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ತಜ್ಞರು ಮಾಡಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯಂತೆ 10ರಿಂದ 75 ವರ್ಷದವರಲ್ಲಿ ಶೇ 14.6 ಮಂದಿ, ಅಂದರೆ ಸುಮಾರು 16 ಕೋಟಿ ಜನ ಮದ್ಯ ಬಳಸುತ್ತಾರೆ. ಭಂಗಿ ಗಾಂಜಾ ಎಲ್ಲ ಸೇರಿ ಶೇ 2.8, ಅಫೀಮು ಜಾತಿಯವು ಶೇ 2.1. ಸೀರಿಯಲ್‌ನ ಬಿಳಿ ಪುಡಿಗೆ ಹತ್ತಿರದ ಕೊಕೇನ್ ಶೇ 0.1. ಮದ್ಯಕ್ಕೆ ಅಂಟಿಕೊಂಡ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದೋ ಒಂದು ಬಗೆಯ ಚಿಕಿತ್ಸೆ ಸಿಕ್ಕಿತ್ತು. ಉಳಿದ ಮೂವತ್ತೇಳು ಜನ ನಮ್ಮ ಬೀದಿಯ ‘ರೌಂಡು’ಗಳು.

ಚಿಕಿತ್ಸೆ ಎಂದರೆ ದೊಡ್ಡ ಊರಿಗೇ ಹೋಗಬೇಕೆಂದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಕ್ಕೇ ಪ್ರತ್ಯೇಕ ವಿಭಾಗವಿದೆ, ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರಿರುತ್ತಾರೆ, ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರದ ದಿನ ತಾಲ್ಲೂಕು ಆಸ್ಪತ್ರೆಗೂ ಮನೋವೈದ್ಯರು ಬರುತ್ತಾರೆ. ಧರ್ಮಸ್ಥಳದವರ ಮದ್ಯವರ್ಜನ ಶಿಬಿರದಿಂದ ಬದಲಾದವರೂ ನಮ್ಮ ಹಳ್ಳಿಗಳಲ್ಲಿದ್ದಾರೆ. ಮನೆಯಿಂದಲೇ ಮಾತಾಡಬೇಕೆಂದರೆ ವ್ಯಸನಮುಕ್ತಿಗೆ 14446, ಮನಸ್ಸಿನ ಯಾವುದೇ ತೊಂದರೆಗೆ ಟೆಲಿಮಾನಸ್ 14416. ಬಾಟಲಿ ಮಸುಕು ಮಾಡುವ ಜಾಗದಲ್ಲಿ ಈ ಎರಡು ನಂಬರು ಹಾಕಲು ಎಷ್ಟು ಖರ್ಚಾಗುತ್ತದೆ?

ಎದುರುಮನೆ ಅಣ್ಣ ಆಸ್ಪತ್ರೆಯಿಂದ ಬಂದ ಮೇಲೆ ಏಳು ತಿಂಗಳು ಮುಟ್ಟಲಿಲ್ಲ. ತಂಗಿ ಮಗಳ ಮದುವೆಯಲ್ಲಿ ಜಾರಿದ. ಹದಿನೈದು ದಿನ ಕುಡಿದ, ಅತ್ತಿಗೆ ಮತ್ತೆ ಕರೆದುಕೊಂಡು ಹೋದಳು. ಡಾಕ್ಟರು ಬೈಯಲಿಲ್ಲವಂತೆ, “ಶುಗರ್ ಮತ್ತೆ ಏರಿದ್ರೆ ಬರಲ್ವಾ, ಹಂಗೇ ಇದೂ” ಎಂದರಂತೆ. ಕಳೆದ ಯುಗಾದಿಗೆ ಇನ್ನೊಂದು ಸಲ ಜಾರಿದ, ಆ ಸಲ ಮೂರೇ ದಿನಕ್ಕೆ ತಾನೇ ಹೋದ. ಈಗ ಮಂಡಿ ಮುಗಿಸಿ ಬಂದು ಸಂಜೆ ದೊಡ್ಡಮ್ಮನ ಮನೆ ಜಗಲಿಯಲ್ಲಿ ಟೀ ಕುಡಿಯುತ್ತಾನೆ, ಒಳಗಿನ ಸೀರಿಯಲ್ ಅವನಿಗೂ ಕಾಣುತ್ತದೆ. ಪರದೆಯಲ್ಲಿ ಯಾರಾದರೂ ಗ್ಲಾಸಿಗೆ ಐಸ್ ಹಾಕಿ ನಿಧಾನಕ್ಕೆ ಸುರಿಯುವ ದೃಶ್ಯ ಬಂದರೆ, ಆ ಗಳಗಳ ಸದ್ದು ಕೇಳಿದರೆ, ಲೋಟ ಕೆಳಗಿಟ್ಟು ಎದ್ದು ಬೀದಿ ಕೊನೆವರೆಗೆ ನಡೆದು ಬರುತ್ತಾನೆ. ಬಾಟಲಿಯನ್ನು ಮಸುಕು ಮಾಡಿರುತ್ತಾರೆ, ಸದ್ದನ್ನು ಮಾಡಿರುವುದಿಲ್ಲ. ಹಳೆಯ ಚಟದ ಗುರುತು ಕಂಡರೆ ಕೇಳಿದರೆ ಮಿದುಳಿನಲ್ಲಿ ಹಪಹಪಿ ಏಳುತ್ತದೆ ಎಂಬುದು ವಿಜ್ಞಾನಕ್ಕೆ ಚೆನ್ನಾಗಿ ಗೊತ್ತಿರುವ ಸಂಗತಿ. ಅವನಿಗೆ ವಿಜ್ಞಾನ ಗೊತ್ತಿಲ್ಲ. ದೊಡ್ಡಮ್ಮನಿಗೂ ಗೊತ್ತಿಲ್ಲ, ಆದರೆ ಈಗೀಗ ಅಂಥ ದೃಶ್ಯ ಶುರುವಾಗುವ ಸುಳಿವು ಸಿಕ್ಕರೆ ಸಾಕು, ಅವರೆಬೇಳೆಯ ಒದ್ದೆ ಕೈಯಲ್ಲೇ ರಿಮೋಟ್ ಹುಡುಕುತ್ತಾಳೆ.

ನಾಯಕನ ತಮ್ಮ ಏನಾದ ಎಂದು ಹೋದ ತಿಂಗಳು ಕೇಳಿದೆ. “ಯಾರು, ಆ ಪುಡಿ ಹುಡುಗನಾ? ಅವನು ಕಾಣ್ಸೇ ಇಲ್ಲ ಕಣಪ್ಪ, ಫಾರಿನ್‌ಗೆ ಹೋದ ಅಂತ ಒಂದ್ಸಲ ಯಾರೋ ಅಂದ್ರು” ಎಂದಳು.